ತಗಡಿನ ಹಿಂದಿನಿಂದ

ಅವನ ಮುಖ ನನಗೆ ಸರಿಯಾಗಿ ಗೊತ್ತಿರಲಿಲ್ಲ.
ಡ್ಯಾವೆನ್‌ಪೋರ್ಟಿನ ಮೈದಾನದ ಬಲಗಡೆ ಗೋಡೆಯೊಳಗೆ
ಸ್ಕೋರು ತೂಗುಹಾಕುವ ತಗಡಿನ ಗೂಡಲ್ಲಿ ಕೂತು
ಅಂಗೈಯಗಲದ ಕಿಂಡಿಗೆ ಕಣ್ಣಿಟ್ಟು
ಹತ್ತು ಬೇಸಿಗೆ ನಾನು ನೋಡಿದ್ದು
ಲೋನಿ ಹ್ಯಾಸ್ಕಿನ್ಸನ ಬೆನ್ನು.
ಮೂವತ್ತೊಂದು ಅಂತ ಹೊಲಿದ ಅಂಗಿ,
ಒಂದರ ಬುಡದಲ್ಲಿ ದಾರ ಬಿಚ್ಚಿತ್ತು.

ಹಗಲು ಟ್ರ್ಯಾಕ್ಟರ್ ಕಾರ್ಖಾನೆ, ಸಂಜೆ ಈ ಗೂಡು.
ಏಳು ಎಂಟು ಒಂಬತ್ತರ ತಗಡುಗಳಿಗೆ
ಬಣ್ಣ ಇನ್ನೂ ಹೊಸತು.
ಸೊನ್ನೆಗಳು ಮಾತ್ರ ನನ್ನ ಹೆಬ್ಬೆರಳಿಗೆ ಸವೆದು
ಅಂಚು ನುಣ್ಣಗಾಗಿದ್ದವು.

ಮೂರು ತಾಸಿನ ಆಟದಲ್ಲಿ
ಅವನ ಪಾಲಿಗೆ ಎರಡೋ ಮೂರೋ ಚೆಂಡು.
ಉಳಿದದ್ದೆಲ್ಲ ನಿಲ್ಲುವುದು.
ಪ್ರತಿ ಎಸೆತಕ್ಕೂ ಮೊಣಕಾಲು ಬಗ್ಗಿಸಿ,
ಈಗ ಬಂತು ಅನ್ನುವ ಹಾಗೆ.
ಬರುತ್ತಿರಲಿಲ್ಲ.
ಅವನು ನಿಂತಲ್ಲಿ ಹುಲ್ಲು ಬೋಳು; ಬೀಜ ಚೆಲ್ಲಿ ಚೆಲ್ಲಿ
ಮೈದಾನದ ಮಾಲಿ ಸೋತ.

ಬೆನ್ನು ತೋರಿಸಿದವನು ಹೇಡಿ ಅನ್ನುತ್ತಾರೆ.
ಇವನ ಕಸುಬೇ ಅದು:
ಬ್ಯಾಟಿನ ಸದ್ದು ಕೇಳಿದ್ದೇ ತಡ
ಊರಿಗೆಲ್ಲ ಬೆನ್ನು ತೋರಿಸಿ ಗೋಡೆಯತ್ತ ಓಡುವುದು.
ಆಗಷ್ಟೇ ನನಗೆ ಮುಖ. ಅದೂ
ಆಕಾಶಕ್ಕೆ ಎತ್ತಿದ ಗದ್ದ, ತೆರೆದ ಬಾಯಿ.
ಏನೋ ಕೈತಪ್ಪುವ ಹೊತ್ತಿಗೆ ಮಾತ್ರ ಕಾಣುವ ಮುಖ.

ಮೇಲೆ ನೋಡುವವನಿಗೆ ಮುಂದಿನ ಗೋಡೆ ಕಾಣದು.
ಕಿಂಡಿಯಿಂದ ನಾನು ಕೂಗುತ್ತಿದ್ದೆ:
ಜಾಗ ಇದೆ, ಜಾಗ ಇದೆ.
ಇಲ್ಲದಿದ್ದರೆ: ಗೋಡೆ!
ಇದು ನನ್ನ ಸಂಬಳದೊಳಗಿನ ಕೆಲಸವಲ್ಲ.
ಬದಲಿಗೆ ಇನ್ನಿಂಗ್ ಮುಗಿದಾಗ ಅವನು
ಕಿಂಡಿಯಲ್ಲಿ ಒಂದು ಹಿಡಿ ಸೂರ್ಯಕಾಂತಿ ಬೀಜ ಸುರಿದು,
ತಿರುಗಿ ನೋಡದೆ ಹೋಗುತ್ತಿದ್ದ.

ಆರನೇ ವರ್ಷ ದೊಡ್ಡ ಲೀಗಿನಿಂದ ಕರೆ ಬಂತು.
ಇಪ್ಪತ್ತೆರಡು ದಿನ. ಒಂದೇ ಒಂದು ಹೊಡೆತ.
ಪತ್ರಿಕೆಯ ಅಂಕಣದಲ್ಲಿ ಅಗಲ ಸಾಲದೆ
ಅವನ ಹೆಸರಿನ ನಡುವಿನಿಂದ ಎರಡಕ್ಷರ ನುಂಗಿದ್ದರು.
ಅದನ್ನು ಕತ್ತರಿಸಿ ಗೂಡಿನೊಳಗೆ ಅಂಟಿಸಿದೆ.
ಅವನು ಹೊಸ ಸೂಟ್‌ಕೇಸಿನ ಸಮೇತ ಮರಳಿ ಬಂದ,
ಅದೇ ಬೋಳಿನ ಮೇಲೆ ನಿಂತ.
ಅರ್ಕನ್ಸಾದ ಕೋಳಿ ಕಾರ್ಖಾನೆಗೆ ಮರಳುವುದಕ್ಕಿಂತ
ಇದು ವಾಸಿ ಅಂದನಂತೆ. ನನಗಲ್ಲ, ಯಾರಿಗೋ.

ಮಿಸಿಸಿಪ್ಪಿ ಉಕ್ಕಿದ ವಸಂತದಲ್ಲಿ
ಬಲಗಡೆಯ ಹುಲ್ಲಲ್ಲಿ ಮೀನು ಸಿಕ್ಕಿತು.
ನೀರಿಳಿದ ಮೇಲೆ ನನ್ನ ಸೊನ್ನೆಗಳಿಗೆ ತುಕ್ಕು,
ಪತ್ರಿಕೆಯ ತುಣುಕೂ ಹೋಗಿತ್ತು.

ಆ ಆಗಸ್ಟಿನ ರಾತ್ರಿ, ಎಂಟನೇ ಇನ್ನಿಂಗು.
ಚೆಂಡು ಎದ್ದಿತು. ಅವನು ತಿರುಗಿದ.
ನಾನು ಬೇರೆ ಊರಿನ ಸ್ಕೋರು ಬದಲಿಸುತ್ತಿದ್ದೆ,
ಕೈಯಲ್ಲಿ ನಾಲ್ಕರ ತಗಡು.
ಕಿಂಡಿಗೆ ಬಂದವನೇ, ನೋಡದೆ, ರೂಢಿಯಲ್ಲಿ:
ಜಾಗ ಇದೆ ಅಂದೆ.

ತಗಡು ಒಳಗೆ ಉಬ್ಬಿತು, ನನ್ನ ಎದೆಯೆತ್ತರಕ್ಕೆ.
ಚೆಂಡು ಅವನ ಗ್ಲೌಸಿನಲ್ಲೇ ಇತ್ತು.
ಜನ ಎದ್ದು ನಿಂತು ಚಪ್ಪಾಳೆ.
ಭುಜ ಮಾತ್ರ ಆಮೇಲೆ ಕೂಡಲಿಲ್ಲ;
ಮರುವರ್ಷ ಅವನೆಸೆದ ಚೆಂಡು ಎರಡು ಪುಟಿತ ತಿನ್ನದೆ
ಮನೆ ಮುಟ್ಟುತ್ತಿರಲಿಲ್ಲ.
ಅದರ ಮರುವರ್ಷ ಮೂವತ್ತೊಂದರ ಅಂಗಿಯಲ್ಲಿ ಬೇರೆ ಹುಡುಗ.
ಯಾರ ಕೂಗು ಅಂತ ಅವನು ಯಾರಿಗೂ ಹೇಳಲಿಲ್ಲ.
ನಾನೂ.

ಮೊನ್ನೆ ಲೋಕಸ್ಟ್ ಬೀದಿಯ ಹಾರ್ಡ್‌ವೇರ್ ಅಂಗಡಿಗೆ ಹೋದೆ, ಮೊಳೆಗೆ.
ಗಲ್ಲಾದ ಹಿಂದೆ ನರೆತ ಮುದುಕ. ಗುರುತಾಗಲಿಲ್ಲ.
ಎರಡಂಗುಲದ್ದು ಮೇಲಿದೆ ಅಂತ
ಏಣಿ ಹತ್ತಿದ. ಆಗ ಕಂಡಿತು
ಬೆನ್ನು.
ಬಲಭುಜ ಒಂದಿಷ್ಟು ಕೆಳಗೆ.

ಡಬ್ಬಿ ಎದೆಗವಚಿ ಹಿಂದಕ್ಕೆ ಇಳಿಯುತ್ತ,
ತಿರುಗಿ ನೋಡದೆಯೇ ಕೇಳಿದ:
ಕೆಳಗೆ ಜಾಗ ಇದೆಯಾ?

ಕನ್ನಡಕ ಏರಿಸಿಕೊಂಡೆ.
ಕಾಲಿಗೆ ತೊಡರುವಂತಿದ್ದ ಬಕೆಟ್ಟನ್ನು ಪಕ್ಕಕ್ಕೆಳೆದೆ.
ಮತ್ತೊಮ್ಮೆ ನೋಡಿದೆ. ಇನ್ನೊಮ್ಮೆ.
ಅವನು ಏಣಿಯ ಮೇಲೆ ಕಾಯುತ್ತಿದ್ದ,
ಮೊಣಕಾಲು ಕೊಂಚ ಬಗ್ಗಿಸಿ.

ಇದೆ, ಅಂದೆ.